‘ಬೀಜ’ ಅನ್ನೋ ಪದ ಯಾರದ್ದು?

ಈ ಬ್ಲಾಗ್ ಶುರು ಮಾಡುವಾಗ ನಮಗೆ ಬರೆಯುವುದಕ್ಕಿಂತ ಕಷ್ಟವಾಗಿದ್ದು ಹೆಸರು ಹುಡುಕುವುದು. ಹಳ್ಳಿ, ಸಂತೆ, ರೈತ ಎಂದು ಇಂಗ್ಲಿಷ್ ಅಕ್ಷರದಲ್ಲಿ ಏನು ಒತ್ತಿದರೂ ‘ಈ ಹೆಸರು ಸಿಗುವುದಿಲ್ಲ’ ಅಂತಲೇ ಫೋನಿನಲ್ಲಿ ಬರುತ್ತಿತ್ತು. ಒಂದು ಹೆಸರನ್ನಂತೂ ಯಾರೋ ಕೊಂಡು, ಬೇಲಿ ಹಾಕಿದ ಖಾಲಿ ಸೈಟಿನ ಹಾಗೆ ಮಾರಾಟಕ್ಕಿಟ್ಟಿದ್ದರು. ಎಲ್ಲರ ಬಾಯಲ್ಲಿರುವ ಮಾತಿಗೆ ಒಬ್ಬರು ಒಡೆಯರಾಗುವುದು ಹೇಗೆ ಎಂದು ಸಿಟ್ಟು ಬಂತು.

ಆಮೇಲೆ ಯೋಚಿಸಿದಾಗ ಸಿಟ್ಟು ಸ್ವಲ್ಪ ಇಳಿಯಿತು. ಬುಕ್ಸ್ ಡಾಟ್ ಕಾಮ್ ಎಂಬ ವಿಳಾಸ ಅಮೆರಿಕದ ಪುಸ್ತಕದಂಗಡಿ ಬಾರ್ನ್ಸ್ ಅಂಡ್ ನೋಬಲ್‌ನದು. ಆದರೆ ಅದೇ ಪದದ ಮುಂದೆ ಡಾಟ್ ಇನ್, ಡಾಟ್ ನೆಟ್ ಸೇರಿಸಿ ಬೇರೆಯವರೂ ವಿಳಾಸ ಮಾಡಿಕೊಳ್ಳಬಹುದು. ಸಂತೆಗೆ ಮೊದಲು ಬಂದವರು ಒಳ್ಳೆಯ ಜಾಗ ಹಿಡಿದರು, ಅಷ್ಟೇ.

ಇಡೀ ಸಂತೆ ಮೈದಾನವನ್ನೇ ಒಬ್ಬರು ಕೇಳಿದರೆ? 2012ರಲ್ಲಿ ಆದದ್ದು ಅದೇ. ಇಂಟರ್‌ನೆಟ್ ವಿಳಾಸಗಳ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ ಸಂಸ್ಥೆ, ಡಾಟ್ ಕಾಮ್‌ನಂಥ ಹೊಸ ಕೊನೆಪದಗಳಿಗೆ ಅರ್ಜಿ ಕರೆದಿತ್ತು. ಒಂದು ಅರ್ಜಿಯ ಶುಲ್ಕ 1,85,000 ಡಾಲರ್, ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂದು ಕೋಟಿ ರೂಪಾಯಿ. ಅಮೆಜಾನ್ ‘ಡಾಟ್ ಬುಕ್’ ಕೇಳಿತು, ಅದೂ ತನ್ನ ಬಳಕೆಗೆ ಮಾತ್ರ. ಅಲ್ಲಿನ ಪ್ರಕಾಶಕರು, ಲೇಖಕರ ಸಂಘದವರು ತಕರಾರು ತೆಗೆದರು. 2013ರಲ್ಲಿ ಸರ್ಕಾರಗಳ ಸಲಹಾ ಸಮಿತಿಯೂ, ಇಂಥ ಪದ ಒಬ್ಬರಿಗೇ ಮೀಸಲಾಗುವುದಾದರೆ ಅದರಿಂದ ಜನರಿಗೆ ಒಳಿತಾಗಬೇಕು ಎಂದಿತು. ಆ ಸುತ್ತಿನಲ್ಲಿ ಸಾಮಾನ್ಯ ಪದವನ್ನು ಯಾರೂ ತಮಗೊಬ್ಬರಿಗೇ ಇಟ್ಟುಕೊಳ್ಳುವಂತಿಲ್ಲ ಎಂದು 2015ರಲ್ಲಿ ಐಕಾನ್ ತೀರ್ಮಾನಿಸಿತು. ಡಾಟ್ ಬುಕ್ ಕೊನೆಗೆ ಅಮೆಜಾನ್ ಕೈಗೇ ಹೋಯಿತು. ಆದರೆ ‘ನಮಗೆ ಮಾತ್ರ’ ಎಂಬ ಮಾತು ಬಿಡಬೇಕಾಯಿತು.

ಅಮೆರಿಕದ ಜಗಳ ನಮಗ್ಯಾಕೆ ಅನ್ನಬೇಡಿ. ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಈಗಾಗಲೇ ಇದೆ. ನಾಳೆ ಯಾವುದೋ ಬೀಜದ ಕಂಪನಿ ‘ಡಾಟ್ ಬೀಜ’ ಬೇಕು ಅನ್ನಬಹುದು. ಫೋನಿನಲ್ಲಿ ಆ ಪದ ನೋಡಿದ ರೈತರು ಇದು ಬೀಜದವರೆಲ್ಲರ ಸಂತೆ ಅಂದುಕೊಂಡು ಒಳಗೆ ಹೋಗುತ್ತಾರೆ. ಅಲ್ಲಿರುವುದು ಒಂದೇ ಅಂಗಡಿ. ಬೆಲೆ ಹೋಲಿಸುವುದಕ್ಕೂ ಪಕ್ಕದಲ್ಲಿ ಇನ್ನೊಬ್ಬರಿಲ್ಲ.

ನಾವೇನೋ ಎರಡು ಪದ ಜೋಡಿಸಿ ಹೆಸರು ಮಾಡಿಕೊಂಡೆವು. ಅಂಗಡಿಯವರು ತಮ್ಮ ಬೋರ್ಡಿನ ಮೇಲೆ ಯಾವ ಪದವನ್ನಾದರೂ ಬರೆಸಿಕೊಳ್ಳಲಿ. ಸಂತೆ ಮೈದಾನ ಮಾತ್ರ ಊರಿನದ್ದಾಗಿಯೇ ಇರಬೇಕು.