ಚಾಯ್ಸ್ ಎರಡು, ಚೀಟಿ ಒಂದು

ಬ್ಯಾಂಕಿನಿಂದ ನಿವೃತ್ತನಾದವನು ಹಲಸೂರಿನಂಥ ಕಡೆ ಇಡೀ ಬೀದಿಗೆ ಸೇರಿದ ಸ್ವತ್ತು. ಕುರ್ಚಿಯಲ್ಲಿದ್ದಾಗ ಸಾಲ ಕೊಡಲಿಲ್ಲವೆಂದು ಬೈದುಕೊಂಡು ಹೋದವರೇ ಈಗ ಫಾರಂ ತುಂಬಿಸಿಕೊಳ್ಳಲು ಬರುತ್ತಾರೆ. ಗ್ಯಾಸ್ ಸಬ್ಸಿಡಿ ನಿಂತುಹೋಯಿತು, ಗೃಹಲಕ್ಷ್ಮಿ ಈ ತಿಂಗಳು ಬಂದಿಲ್ಲ, ಪಿಂಚಣಿಗೆ ಹೆಬ್ಬೆಟ್ಟು ಒತ್ತಿದರೆ ಮೆಷಿನ್ನು ಒಪ್ಪುವುದಿಲ್ಲ. ಹೀಗೆ ವರ್ಷವಿಡೀ ಒಬ್ಬರಲ್ಲ ಒಬ್ಬರು. ಆದರೆ ದ್ವಿತೀಯ ಪಿಯುಸಿ ಫಲಿತಾಂಶ ಬಂದು, ಸಿಇಟಿ ರ‍್ಯಾಂಕೂ ಹೊರಬಿದ್ದ ಮೇಲೆ ನಮ್ಮ ಮನೆಯ ಜಗಲಿ ಜಗಲಿಯಾಗಿ ಉಳಿಯುವುದಿಲ್ಲ. ಹೆಂಡತಿ ಚಪ್ಪಲಿಗಳನ್ನು ಎಣಿಸಿ ಅಷ್ಟೇ ಲೋಟ ಕಾಫಿಗೆ ಹಾಲಿಡುತ್ತಾಳೆ.

ಹುಡುಗಿಯೊಬ್ಬಳೇ ಬರುವುದುಂಟೇ? ಅಮ್ಮ ಬರುತ್ತಾರೆ, ಸೋದರಮಾವ ಬರುತ್ತಾನೆ, 'ಕಂಪ್ಯೂಟರ್ ಗೊತ್ತಿರೋ' ಪಕ್ಕದ ಮನೆಯ ಹುಡುಗನೂ ಬರುತ್ತಾನೆ. ಅಮ್ಮ ತಮಿಳಿನಲ್ಲಿ ಗೊಣಗುತ್ತಾರೆ, ಮಗಳು ಇಂಗ್ಲಿಷಿನಲ್ಲಿ ಗದರುತ್ತಾಳೆ, ಇಬ್ಬರೂ ನನ್ನ ಕಡೆ ತಿರುಗಿದಾಗ ಮಾತ್ರ ಕನ್ನಡ ಮತ್ತು ವಿನಯ. ಗುಂಡಿ ಇರುವ ಪ್ಲಾಸ್ಟಿಕ್ ಫೈಲು ಬಿಚ್ಚಿಕೊಳ್ಳುತ್ತದೆ. ಹತ್ತನೇ ತರಗತಿಯ ಅಂಕಪಟ್ಟಿ, ಅದರ ನಾಲ್ಕು ಜೆರಾಕ್ಸು, ಲ್ಯಾಮಿನೇಟ್ ಮಾಡಿಸಿದ ಜಾತಿ ಪ್ರಮಾಣಪತ್ರ, ಪಾಸ್‌ಬುಕ್ಕು, ಕಳೆದ ತಿಂಗಳ ಕರೆಂಟ್ ಬಿಲ್ಲು. ಕರೆಂಟ್ ಬಿಲ್ಲು ಯಾಕೆ ಎಂದರೆ 'ಇರಲಿ ಸಾರ್, ಕೇಳಿದ್ರೆ?' ಕಂಟೋನ್ಮೆಂಟಿನ ತಾಯಂದಿರಿಗೆ ಸರ್ಕಾರದ ಸ್ವಭಾವ ಚೆನ್ನಾಗಿ ಗೊತ್ತು.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು ಅಲ್ಲಿ ಹನ್ನೆರಡನೆಯ ತರಗತಿ ಮುಗಿಸುವಾಗ ಕಾಲೇಜುಗಳಿಗೆ ತನ್ನ ಬಗ್ಗೆ ಒಂದು ಪ್ರಬಂಧ ಬರೆದು ಕಳಿಸಬೇಕಾಗಿತ್ತು. 650 ಪದ ಮೀರುವಂತಿಲ್ಲ. ನಾನು ಯಾರು, ಯಾವ ಕಷ್ಟ ದಾಟಿ ಬಂದೆ, ಅದರಿಂದ ಏನು ಕಲಿತೆ ಎಂದು ಅವಳು ಎರಡು ತಿಂಗಳು ತಿದ್ದಿದಳು. ನಮ್ಮ ಮಕ್ಕಳಿಗೆ ಆ ಕಾಟವಿಲ್ಲ. ಅವರ ಆತ್ಮಕಥೆ 13 ಅಂಕಿಗಳಲ್ಲಿ ಮುಗಿಯುತ್ತದೆ. ನಾಡಕಚೇರಿಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರು ಹಾಕಿದರೆ ಸಾಕು, ಅಪ್ಪನ ಆದಾಯ, ಜಾತಿ, ಪ್ರವರ್ಗ, ವಿಳಾಸ ಎಲ್ಲವೂ ಪರದೆಯ ಮೇಲೆ. ಒಂದೇ ಎಚ್ಚರ: ಜಾತಿ ಜೀವನಪರ್ಯಂತ ಊರ್ಜಿತ, ಆದಾಯಕ್ಕೆ ಐದು ವರ್ಷ ಮಾತ್ರ. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ ಆದಾಯ ಪತ್ರದ ಮೇಲೆ ಭರವಸೆ ಇಟ್ಟುಕೊಂಡ ಮನೆಗಳಿಗೆ ಎರಡನೇ ವರ್ಷದ ಡಿಗ್ರಿಯಲ್ಲಿ ವಿದ್ಯಾರ್ಥಿವೇತನ ನಿಂತಾಗ ಕಾರಣ ಹೊಳೆಯುವುದೇ ಇಲ್ಲ.

ಅದಕ್ಕಿಂತ ದೊಡ್ಡ ತಕರಾರು ಹೆಸರಿನದು. ಅಂಕಪಟ್ಟಿಯಲ್ಲಿ ಇನಿಷಿಯಲ್ಲು ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿ. ಶಿವಾಜಿನಗರದ ಹುಡುಗನಾದರೆ ಒಂದು ಕಡೆ ಮೊಹಮ್ಮದ್, ಇನ್ನೊಂದು ಕಡೆ ಎಂಡಿ, ಮತ್ತೊಂದು ಕಡೆ ಎಂಒಎಚ್‌ಡಿ ಚುಕ್ಕೆ. ಫ್ರೇಜರ್ ಟೌನಿನ ಕಡೆಯಿಂದ ಬಂದ ಹುಡುಗಿಗೆ ಜ್ಞಾನಸ್ನಾನದ ಹೆಸರು ಬೇರೆ, ಶಾಲೆಯ ಹೆಸರು ಬೇರೆ. ಎಲ್ಲವೂ ಒಬ್ಬರೇ ಎಂಬುದು ಬೀದಿಗೆಲ್ಲ ಗೊತ್ತು, ಪೋರ್ಟಲ್‌ಗೆ ಗೊತ್ತಿಲ್ಲ. ನನ್ನ ಅರ್ಧ ಮೇ ತಿಂಗಳು ಚುಕ್ಕೆಗಳನ್ನು ಸರಿಪಡಿಸುವುದರಲ್ಲೇ ಹೋಗುತ್ತದೆ. ಯಾರಾದರೂ ಒಂಬತ್ತನೇ ಕ್ಲಾಸಿನ ಮಗುವನ್ನು ಕರೆತಂದರೆ ಮಾರ್ಕ್ಸ್ ಎಷ್ಟು ಎಂದು ನಾನು ಕೇಳುವುದಿಲ್ಲ, ಆಧಾರ್ ತೋರಿಸು ಅನ್ನುತ್ತೇನೆ.

ಸಿಇಟಿಯಲ್ಲಿ ಪ್ರವರ್ಗದ ಮುಂದೆ ಕೆ, ಆರ್ ಎಂಬ ಅಕ್ಷರ ಸೇರಿಸಿಕೊಳ್ಳಲು ಅವಕಾಶವಿದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕೆ, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಆರ್. ಈ ಕೆ ಅಕ್ಷರ ಕಂಟೋನ್ಮೆಂಟಿನಲ್ಲಿ ಅಪರೂಪದ ವಸ್ತು. ಇಲ್ಲಿ ಗಲ್ಲಿಗೊಂದು ಇಂಗ್ಲಿಷ್ ಕಾನ್ವೆಂಟು, ಅದರ ಪಕ್ಕ ಉರ್ದು ಶಾಲೆ, ಆಚೆ ಬೀದಿಯಲ್ಲಿ ತಮಿಳು. ಮನೆಗೆಲಸದ ಹೆಂಗಸೂ ಹೊಟ್ಟೆಬಟ್ಟೆ ಕಟ್ಟಿ ಕಾನ್ವೆಂಟಿಗೇ ಸುರಿಯುತ್ತಾಳೆ. ಹಾಗೆ ಸುರಿಯಲು ಆಗದೆ ಸರ್ಕಾರಿ ಕನ್ನಡ ಶಾಲೆಗೆ ಹಾಕಿದವಳ ಮಗನಿಗೆ ಹನ್ನೆರಡು ವರ್ಷದ ನಂತರ ಹೆಸರಿನ ಮುಂದೆ ಜಿಎಂಕೆಯೋ 2ಎಕೆಯೋ ಬಂದು, ಕಾನ್ವೆಂಟಿನ ಹುಡುಗನಿಗೆ ಸಿಗದ ಕಾಲೇಜು ಸಿಕ್ಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದಿನ ಬೀದಿಯಲ್ಲಿ ಕನ್ನಡದ ಬೆಲೆ ದಿಢೀರನೆ ಏರಿತು, ಸಂಜೆಗೆ ಮತ್ತೆ ಇಳಿಯಿತು. ಕನ್ನಡ ಮಾಧ್ಯಮದಲ್ಲಿ ಓದಿದ್ದಾನೆಂಬ ಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಆಗಬೇಕು, ಅದರ ಮೇಲೆ ಬಿಇಒ ಮೇಲುಸಹಿ. ಬೇಕಾಗುವುದು ಮೇ ತಿಂಗಳಲ್ಲಿ, ಹೆಡ್‌ಮಾಸ್ಟರು ಬೇಸಿಗೆ ರಜೆಯಲ್ಲಿ ಊರಲ್ಲಿ. ನಿಯಮ ಬರೆದವರು ಶಾಲೆಗೆ ರಜೆ ಇರುತ್ತದೆಂದು ಮರೆತರೋ ಏನೋ.

ಕೆ.ಆರ್. ಪುರದ ಆಚೆಯವರ ಕಷ್ಟ ಆರ್ ಅಕ್ಷರದ್ದು. 2007ರಲ್ಲಿ ಬಿಬಿಎಂಪಿ ಆದಾಗ ಕೆ.ಆರ್. ಪುರ, ಮಹದೇವಪುರ ಸೇರಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಬೆಂಗಳೂರೊಳಗೆ ಬಂದವು. ನೀರು, ಚರಂಡಿ ಬರುವುದು ತಡವಾಯಿತು, ಗ್ರಾಮೀಣ ಎಂಬ ಹೆಸರು ಮಾತ್ರ ಆ ದಿನವೇ ಹೋಯಿತು. ಮನೆ ಮುಂದೆ ಎಮ್ಮೆ ಕಟ್ಟಿರುವ ಹುಡುಗ 'ಅಂಕಲ್, ನಾವು ಸಿಟಿಯೋರಾ?' ಎಂದು ಕೇಳುತ್ತಾನೆ. ಹೌದಪ್ಪ, ಕಾಗದದ ಪ್ರಕಾರ ನೀನು ಲಂಡನ್ನಿನವನಿಗೆ ಸಮ.

ಇಷ್ಟೆಲ್ಲ ಕಾಗದ ಯಾಕೆ ಹುಟ್ಟಿತು ಅಂದರೆ, ಹಿಂದೆ ಕಾಗದವೇ ಬೇಕಿರಲಿಲ್ಲ, ನೋಟಿನ ಕಟ್ಟು ಸಾಕಿತ್ತು. ಡೊನೇಷನ್ನಿಗೆ ಕರ್ನಾಟಕ ದೇಶಕ್ಕೇ ಹೆಸರುವಾಸಿ. 1984ರಲ್ಲೇ ಕ್ಯಾಪಿಟೇಷನ್ ನಿಷೇಧ ಕಾಯ್ದೆ ಬಂದರೂ ನಡೆಯುವುದು ನಡೆಯುತ್ತಿತ್ತು. ಮೀರತ್ತಿನಿಂದ ಬಂದ ಮೋಹಿನಿ ಜೈನ್ ಎಂಬ ಹುಡುಗಿ ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಕೇಳಿದಾಗ ಸರ್ಕಾರಿ ಸೀಟಿನವರಿಗೆ ವರ್ಷಕ್ಕೆ 2,000, ಕರ್ನಾಟಕದ ಉಳಿದವರಿಗೆ 25,000, ಹೊರಗಿನವರಿಗೆ 60,000 ರೂಪಾಯಿ ಎಂದಿತ್ತು. ಆಕೆ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಕ್ಯಾಪಿಟೇಷನ್ ವಿರುದ್ಧ ತೀರ್ಪು ಬಂತು, ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು, ಅವುಗಳ ಬೆನ್ನಿಗೆ 1994ರಲ್ಲಿ ನಮ್ಮ ಸಿಇಟಿ ಘಟಕ ಹುಟ್ಟಿತು. ಸಿಇಟಿ ನಡೆಸುವ, ಮಲ್ಲೇಶ್ವರದ ಹದಿನೆಂಟನೇ ಕ್ರಾಸಿನ ಕೆಇಎ ಕಚೇರಿಯನ್ನು ಶಪಿಸುವ ತಂದೆತಾಯಿಗಳಿಗೆ ನಾನು ಈ ಕಥೆ ಹೇಳುತ್ತೇನೆ. ಅವರು ತಲೆಯಾಡಿಸಿ 'ಸರ್ವರ್ ಯಾವಾಗ ಸರಿ ಹೋಗುತ್ತೆ ಸಾರ್?' ಅನ್ನುತ್ತಾರೆ.

ಕೋರ್ಟಿನ ಮಾತು ಬಂತಲ್ಲ, ಹಲಸೂರಿನವನಾಗಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಹೈಕೋರ್ಟ್ ಕೂತಿರುವ ಅಠಾರ ಕಚೇರಿಯನ್ನು ಕಟ್ಟಿದ ಕಂಟ್ರಾಕ್ಟರು ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ನಮ್ಮ ಕೆರೆಯ ಬಳಿಯ ಆರ್‌ಬಿಎಎನ್‌ಎಂ ಶಾಲೆ ಕಾಲೇಜುಗಳ ಮೇಲಿರುವುದೂ ಅವರದೇ ಹೆಸರು. ಅವರ ಶಿಕ್ಷಣ ದತ್ತಿ 1873ರದು. ಆಗ ಇದು ಬ್ರಿಟಿಷರ ದಂಡು ಪ್ರದೇಶ. ಬಡವರ ಮಕ್ಕಳಿಗೆಂದು ಶಾಲೆ ತೆಗೆದ ಆ ಮನುಷ್ಯ ಆರ್‌ಡಿ ನಂಬರು ಕೇಳಿರಲಾರರು. ಈಗ ಕಾಲೇಜು ಶುಲ್ಕದ ಜಗಳಗಳು ವಿಚಾರಣೆಗೆ ಬರುವುದು ಅವರು ಕಟ್ಟಿದ ಕೆಂಪು ಗೋಡೆಗಳೊಳಗೇ.

ಸರಿ, ರ‍್ಯಾಂಕು ಬಂತು. ಎಂಜಿನಿಯರಿಂಗ್ ಆದರೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ತೆಗೆದ ರ‍್ಯಾಂಕು. ಇನ್ನು ಆಪ್ಷನ್ ಎಂಟ್ರಿ. ಬೇಕಾದ ಕಾಲೇಜು, ಕೋರ್ಸುಗಳನ್ನು ಆಸೆಯ ಕ್ರಮದಲ್ಲಿ ಬರೆಯಬೇಕು. ಯಂತ್ರ ಮೇಲಿನಿಂದ ನೋಡುತ್ತಾ ಬಂದು, ರ‍್ಯಾಂಕಿಗೆ ದಕ್ಕುವ ಮೊದಲನೆಯದನ್ನು ಕೊಡುತ್ತದೆ. ಅಷ್ಟೇ. ಇದನ್ನು ಒಪ್ಪಿಸುವಷ್ಟರಲ್ಲಿ ನನ್ನ ಗಂಟಲು ಒಣಗುತ್ತದೆ. 'ಮೇಲೆ ದೊಡ್ಡ ಕಾಲೇಜು ಹಾಕಿದ್ರೆ ವೇಸ್ಟ್ ಆಗಲ್ವಾ ಅಂಕಲ್?' ಆಗುವುದಿಲ್ಲಮ್ಮ. ಆಸೆಗೆ ಶುಲ್ಕವಿಲ್ಲದ ಏಕೈಕ ಜಾಗ ಅದು, ಧಾರಾಳವಾಗಿ ಬರಿ. ಜೊತೆಗೆ ಎಸ್‌ಎನ್‌ಕ್ಯೂ ಮರೆಯಬೇಡ: ಆದಾಯ 8 ಲಕ್ಷದ ಒಳಗಿದ್ದವರಿಗೆ ಹೆಚ್ಚುವರಿ ಶೇ 5 ಸೀಟು, ಬೋಧನಾ ಶುಲ್ಕ ಮಾಫಿ. ಅರ್ಜಿಯಲ್ಲಿ ಆದಾಯ ಪತ್ರದ ನಂಬರು ಹಾಕದೆ ಬಿಟ್ಟವರಿಗೆ ಅದು ಕಾಣುವುದೂ ಇಲ್ಲ.

ಈಚೆಗೆ ಈ ಪಟ್ಟಿ ಬರೆಯುವುದರಲ್ಲಿ ಒಂದು ಬದಲಾವಣೆ ಕಂಡಿದ್ದೇನೆ. ಮೊದಲೆಲ್ಲ ಕೆ.ಆರ್. ಪುರದ ಹುಡುಗಿ ಹಳೇ ಮದ್ರಾಸ್ ರಸ್ತೆಯ ಆಸುಪಾಸು ಬಿಟ್ಟು ಬರೆಯುತ್ತಿರಲಿಲ್ಲ, ಟಿನ್ ಫ್ಯಾಕ್ಟರಿ ದಾಟುವುದೇ ದೊಡ್ಡ ಪ್ರಯಾಣ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿಯಾಯಿತು, ಅಕ್ಟೋಬರಿನಲ್ಲಿ ಮೆಟ್ರೋ ಬೈಯಪ್ಪನಹಳ್ಳಿಯಿಂದ ಮುಂದಕ್ಕೆ ಕೆ.ಆರ್. ಪುರದವರೆಗೂ ಕೂಡಿಕೊಂಡಿತು. ಈಗ ನೇರಳೆ ಮಾರ್ಗದಲ್ಲಿ ಹತ್ತಿ ಇಂದಿರಾನಗರ, ಹಲಸೂರು ದಾಟಿ, ಗಾಡಿ ಬದಲಿಸದೆ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಇಳಿದರೆ, ಅದೇ ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ ಯುವಿಸಿಇ ನಡಿಗೆಯ ದೂರ. ಅಪ್ಪಂದಿರು ಹೆಣ್ಣುಮಕ್ಕಳ ಪಟ್ಟಿಯಲ್ಲಿ ಎರಡನೇ ಪುಟ ಬರೆಯಲು ಒಪ್ಪುತ್ತಿರುವುದಕ್ಕೆ ಯಾವ ಶಿಕ್ಷಣ ನೀತಿಗಿಂತಲೂ ಈ ಬಸ್ಸು, ರೈಲೇ ಕಾರಣ ಎಂದು ನನ್ನ ಗುಮಾನಿ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಗುಂಡಿ. ಇದನ್ನು ನಾನು ವಿವರಿಸುವುದು ಮದುವೆ ಲೆಕ್ಕದಲ್ಲಿ. ಚಾಯ್ಸ್ ಒಂದು ಅಂದರೆ ತಾಳಿ ಕಟ್ಟಿಯಾಯಿತು, ಶುಲ್ಕ ಕಟ್ಟಿ ಕಾಲೇಜಿಗೆ ನಡಿ. ಚಾಯ್ಸ್ ಎರಡು, ನಿಶ್ಚಿತಾರ್ಥ ಆಗಿರಲಿ, ಇದಕ್ಕಿಂತ ಒಳ್ಳೆ ಸಂಬಂಧ ಬಂದರೆ ನೋಡೋಣ. ಮೂರು, ಈ ಗಂಡು ಬೇಡ, ಮುಂದಿನದಕ್ಕೆ ಕಾಯುತ್ತೇವೆ. ನಾಲ್ಕು, ಮದುವೆಯೇ ಬೇಡ, ನಮ್ಮ ಪಾಡಿಗೆ ಬಿಡಿ. ಸೋದರಮಾವಂದಿರು ಯಾವಾಗಲೂ ಮೂರನ್ನು ಒತ್ತಿಸುತ್ತಾರೆ, ಪೌರುಷ ಕಾಣಿಸುವುದು ಅದರಲ್ಲೇ. ಮುಂದಿನ ಸುತ್ತಿನಲ್ಲಿ ಏನೂ ಬಾರದಿದ್ದರೆ ಮಾವ ಫೋನ್ ಎತ್ತುವುದಿಲ್ಲ. ನಾನು ಎರಡರ ಕಡೆಯವನು. ಆದರೆ ಚಾಯ್ಸ್ ಎರಡಕ್ಕೂ ಮೊದಲೇ ಶುಲ್ಕ ಕಟ್ಟಬೇಕು, ಕಥೆ ಸಿಕ್ಕಿಕೊಳ್ಳುವುದೇ ಅಲ್ಲಿ.

ಬಡ ಹುಡುಗರಿಗೆ ದುಡ್ಡಿಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ದುಡ್ಡಿದೆ. ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಅಲ್ಪಸಂಖ್ಯಾತರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಅರಿವು ಸಾಲವಿದೆ. ಸರ್ಕಾರಿ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ವರ್ಷಕ್ಕೆ 30,000 ಇದೆ. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಇದೆ, ತಿಂಗಳಿಗೆ 1,500ರಂತೆ ಹತ್ತು ತಿಂಗಳು. ಅಂದರೆ ದಿನಕ್ಕೆ 50 ರೂಪಾಯಿ. ದರ್ಶಿನಿಯಲ್ಲಿ ಇಡ್ಲಿ ವಡೆ ತಿಂದು ಕಾಫಿ ಕುಡಿದರೆ ಅದು ಮುಗಿಯಿತು. ತಿಂಡಿಗೆ 5, ಊಟಕ್ಕೆ 10ರ ಇಂದಿರಾ ಕ್ಯಾಂಟೀನಿನಲ್ಲಾದರೆ ಎರಡು ದಿನ ಬದುಕಬಹುದು.

ನಮ್ಮ ತಾತನ ಕಾಲದಲ್ಲಿ ವಾರಾನ್ನ ಇತ್ತು. ಸೋಮವಾರ ವಕೀಲರ ಮನೆ, ಮಂಗಳವಾರ ಶ್ಯಾನುಭೋಗರ ಮನೆ. ಅದನ್ನು ನೆನೆದು ಕಣ್ಣೀರು ಹಾಕುವವರಿದ್ದಾರೆ. ನನಗೆ ಅಷ್ಟು ಮೋಹವಿಲ್ಲ. ಬಾಗಿಲು ತೆರೆಯುತ್ತಿದ್ದದ್ದು ಹೆಚ್ಚಾಗಿ ಸ್ವಂತ ಜಾತಿಯ ಹುಡುಗನಿಗೆ ಮಾತ್ರ. ಉಳಿದ ಸಮುದಾಯಗಳು ಹಾಸ್ಟೆಲ್ ಕಟ್ಟಿಕೊಳ್ಳಬೇಕಾಯಿತು, ದೇವರಾಜ ಅರಸರ ಕಾಲ ಬರುವವರೆಗೆ ಕಾಯಬೇಕಾಯಿತು. ವಾರಾನ್ನದಲ್ಲಿ ಒಂದೇ ಒಂದು ಗುಣವಿತ್ತು: ಸೋಮವಾರದ ಹಸಿವಿಗೆ ಸೋಮವಾರವೇ ಅನ್ನ. ಈಗ ಜೂನ್, ಜುಲೈಯಲ್ಲಿ ಶುಲ್ಕ ಕಟ್ಟಬೇಕು. ಕಟ್ಟಿ ದಾಖಲಾದ ಮೇಲೆ ಎಸ್‌ಎಸ್‌ಪಿ ಅರ್ಜಿ, ಅದಕ್ಕೆ ಕಾಲೇಜಿನಿಂದ ಇ-ದೃಢೀಕರಣ, ಖಾತೆಗೆ ಆಧಾರ್ ಜೋಡಣೆ, ಆಮೇಲೆ ಇಲಾಖೆಯಿಂದ ಹಣ. ಬರುವಷ್ಟರಲ್ಲಿ ಮಾವಿನ ಮರ ಮತ್ತೆ ಹೂ ಬಿಟ್ಟಿರುತ್ತದೆ.

ಹೋದ ವರ್ಷ ಬಂದಿದ್ದ ಹುಡುಗಿಯ ತಾಯಿ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ರವಿಕೆ ಹೊಲಿದುಕೊಡುವವರು, ಬೆರಳಿಗೆ ಸೂಜಿಯ ಗುರುತು, ಬಳೆಯ ಜಾಗದಲ್ಲಿ ರಬ್ಬರ್ ಬ್ಯಾಂಡು. ಚಾಯ್ಸ್ ಎರಡು ಒತ್ತಿಸಿದೆ. ಹಣಕ್ಕೆ ಬ್ಯಾಂಕಿಗೆ ಹೋಗಿ ಅಂದೆ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡವಿಡಬೇಕಿಲ್ಲ, ಮನೆ ಆದಾಯ 4.5 ಲಕ್ಷದ ಒಳಗಿದ್ದರೆ ವೃತ್ತಿಪರ ಕೋರ್ಸಿಗೆ ಓದುವಷ್ಟು ಕಾಲದ ಬಡ್ಡಿಯನ್ನು ಕೇಂದ್ರವೇ ಕಟ್ಟುತ್ತದೆ ಎಂದು ಮೂವತ್ತು ವರ್ಷದ ಸರ್ವೀಸಿನ ಅಧಿಕಾರದಿಂದ ಹೇಳಿದೆ. ಒಂದು ಬ್ಯಾಂಕಿಗೆ ಹೋದರು. ಅಲ್ಲಿ 'ಅಪ್ಪನ ಸ್ಯಾಲರಿ ಸ್ಲಿಪ್ ತನ್ನಿ' ಅಂದರಂತೆ. ಅಪ್ಪ ರಸಲ್ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು. ಶುಲ್ಕದ ಗಡುವು ಶುಕ್ರವಾರ.

ಬುಧವಾರ ಸಂಜೆ ಆಕೆ ಬಂದು 'ದುಡ್ಡಾಯ್ತು ಸಾರ್' ಅಂದರು. ಚೀಟಿ ಎತ್ತಿದ್ದರು. ಇಪ್ಪತ್ತು ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ. ಎರಡನೇ ತಿಂಗಳೇ 28,000 ಬಿಟ್ಟು ಕೂಗಿ 72,000 ಕೈಗೆ ತಂದಿದ್ದರು. ಬ್ಯಾಂಕಿನವನ ಕೈ ಸುಮ್ಮನಿರುತ್ತದೆಯೇ? ಬಡ್ಡಿ ಎಷ್ಟು ಬಿತ್ತು ಎಂದು ಕಾಗದ ಎಳೆದುಕೊಂಡೆ. ಆಕೆ ತಡೆದರು. 'ಲೆಕ್ಕ ಬೇಡ ಸಾರ್, ನನಗೂ ಬರುತ್ತೆ. ಚೀಟಿಯಮ್ಮ ನನ್ನ ಗಂಡನ ಸ್ಲಿಪ್ ಕೇಳಲಿಲ್ಲ.'

ವಿದ್ಯಾರ್ಥಿವೇತನ ಬಂದಿತು, ಮಾರ್ಚ್‌ನಲ್ಲಿ. ಆ ದುಡ್ಡಿನಲ್ಲಿ ಆಕೆ ಇನ್ನೊಂದು ಚೀಟಿ ಸೇರಿದ್ದಾರೆ, ಚಿಕ್ಕವನು ಈಗ ಮೊದಲ ಪಿಯುಸಿ. ಇದನ್ನು ಮುಂದಿನ ವರ್ಷ ಏಪ್ರಿಲಿನಲ್ಲೇ ಕೂಗಿ ಎತ್ತಬೇಕೆಂದಿದ್ದಾರೆ. ಜೂನ್‌ನಲ್ಲಿ ಎಲ್ಲರ ಮನೆಯಲ್ಲೂ ಫೀಸು, ಮೂವತ್ತಕ್ಕಿಂತ ಕಡಿಮೆ ಬಿಟ್ಟರೆ ಚೀಟಿ ಸಿಗುವುದಿಲ್ಲವಂತೆ.