ಹೋದ ಕರೆಂಟು, ತೆಗೆದ ಕರೆಂಟು

ಅಂಬೋಲಿಯ ಘಟ್ಟದಲ್ಲಿ ಹುಟ್ಟುವ ಹಿರಣ್ಯಕೇಶಿಯು ಆಜರಾ, ಗಡಹಿಂಗ್ಲಜಗಳನ್ನು ದಾಟಿ, ಸಂಕೇಶ್ವರದ ಕಡೆಗೆ ಹರಿದು, ಮುಂದೆ ಘಟಪ್ರಭೆಯನ್ನು ಸೇರುತ್ತದೆ. ನದಿಗೆ ರಾಜ್ಯಗಳ ಗಡಿಯ ಹಂಗಿಲ್ಲ. ಆದರೆ ದಂಡೆಯನ್ನೇರಿ ಕಬ್ಬಿನ ಹೊಲಕ್ಕೆ ತಾನಾಗಿ ಬರುವ ಶಕ್ತಿಯೂ ಅದಕ್ಕಿಲ್ಲ. ಕೊಲ್ಲಾಪುರ ಮಾದರಿಯ ಬಂಧಾರಗಳು ನೀರನ್ನು ತಡೆದು ನಿಲ್ಲಿಸುತ್ತವೆ; ಮೇಲಕ್ಕೆತ್ತುವ ಕೆಲಸ ಪಂಪಿನದು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸವನ್ನು ಸಾಗಿಸುವುದೂ ಇಚಲಕರಂಜಿಯ ಬಣ್ಣದ ಕಾರ್ಖಾನೆಗಳಲ್ಲಿ ಬಿಸಿನೀರನ್ನು ಹರಿಸುವುದೂ ಪಂಪೇ. ನಮ್ಮ ಭಾಗದ ಅನ್ನ, ಬೆಲ್ಲ, ಬಟ್ಟೆ ಮೂರೂ ಈ ಯಂತ್ರದ ಋಣದಲ್ಲಿವೆ.

ಈ ಯಂತ್ರದೊಡನೆ ಗಡಿನಾಡಿನ ನಂಟು ಹಳೆಯದು. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಜನಿಸಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಮೊದಲಾದ ಅವರ ಉದ್ಯಮವು 1910ರಲ್ಲಿ ಕಿರ್ಲೋಸ್ಕರವಾಡಿಗೆ ನೆಲೆಯನ್ನು ಬದಲಿಸಿತು. ಅಲ್ಲಿ 1926ರಲ್ಲಿ ಸೆಂಟ್ರಿಫ್ಯೂಗಲ್ ಪಂಪಿನ ತಯಾರಿಕೆ ಆರಂಭವಾಯಿತು. ಪಂಪನ್ನು ಕಟ್ಟಿದವರ ಹೆಸರನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ಅದನ್ನು ದಿನವೂ ನೋಡಿಕೊಳ್ಳುವ ಪಂಪ್ ಆಪರೇಟರನ ಹೆಸರನ್ನು ಯಾರೂ ಕೇಳುವುದಿಲ್ಲ. ಕಾಯಕಕ್ಕೆ ಹಿರಿಮೆಯನ್ನು ತಂದ ಶರಣರ ನುಡಿಯಲ್ಲಿ ಬರೆಯುವ ನಾವು, ಸಾಹಿತ್ಯದ ಈ ಸಂಚಿಕೆಯಲ್ಲಿ ಆ ಕಾಯಕದ ಬಗೆಗೆ ನಾಲ್ಕು ಮಾತು ಬರೆಯುವುದು ಅನುಚಿತವಾಗಲಾರದೆಂದು ನಂಬಿದ್ದೇವೆ.

ಪಂಪಿನ ಆರೈಕೆ ಬಹುಮಟ್ಟಿಗೆ ಕಣ್ಣು, ಕಿವಿಗಳ ಕೆಲಸ. ಶಾಫ್ಟು ಹೊರಬರುವ ಕಡೆ ಗ್ಲ್ಯಾಂಡ್ ಇರುತ್ತದೆ. ಅದರೊಳಗಿನ ಪ್ಯಾಕಿಂಗಿನಿಂದ ಹನಿಹನಿಯಾಗಿ ನೀರು ತೊಟ್ಟಿಕ್ಕುತ್ತಿರಬೇಕು. ಹೊಸಬನು ಅದನ್ನು ಸೋರಿಕೆಯೆಂದು ತಿಳಿದು ನಟ್ಟನ್ನು ಬಿಗಿಯುತ್ತಾನೆ. ಆಗ ತಂಪು ತಪ್ಪಿ ಪ್ಯಾಕಿಂಗು ಸುಡುತ್ತದೆ, ಶಾಫ್ಟಿನ ಸ್ಲೀವು ಸವೆಯುತ್ತದೆ. ಬೇರಿಂಗಿಗೆ ಗ್ರೀಸು ಕಡಿಮೆಯಾದರೆ ಹೇಗೆ ಕೇಡೋ ಹೆಚ್ಚಾದರೂ ಹಾಗೆಯೇ. ಎರಡರಲ್ಲೂ ಅದು ಕಾಯುತ್ತದೆ. ಒಳಗೆ ಜಲ್ಲಿಕಲ್ಲು ಅಲುಗಿದಂಥ ಸದ್ದು ಬಂದರೆ, ಎಳೆಯುವ ಬದಿಯ ಜಾಳಿಗೆಯಲ್ಲಿ ಕಸ ಸಿಕ್ಕಿರಬಹುದು, ಇಲ್ಲವೆ ನದಿಯ ಮಟ್ಟ ಇಳಿದಿರಬಹುದು. ಇವೆಲ್ಲವನ್ನು ದಿನವೂ ಒಂದು ವಹಿಯಲ್ಲಿ ಬರೆದಿಟ್ಟರೆ, ಶಾಲೆಯ ಹಾಜರಿ ಪುಸ್ತಕದಂತೆ, ಎಂದಿನಿಂದ ಏನು ತಪ್ಪಿತೆಂಬುದು ತಾನೇ ತಿಳಿಯುತ್ತದೆ.

ಇಷ್ಟು ಯಂತ್ರದ ಆಯುಷ್ಯದ ಮಾತಾಯಿತು. ಮನುಷ್ಯನ ಆಯುಷ್ಯದ ಮಾತು ಬೇರೆ ಇದೆ. ನಮ್ಮ ಕೈಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಹುಡುಗನೊಬ್ಬ ನದಿದಂಡೆಯ ಏತ ನೀರಾವರಿಯಲ್ಲಿ ಪಂಪ್ ಆಪರೇಟರನಾಗಿದ್ದನು. ಒಂದು ದಿನ ವಿದ್ಯುತ್ತು ಹೋಗಿದ್ದ ವೇಳೆಯಲ್ಲಿ ಪ್ಯಾಕಿಂಗು ಬದಲಿಸಲು ಕುಳಿತನು. ಶಾಫ್ಟನ್ನು ಕೈಯಿಂದ ತಿರುಗಿಸುತ್ತಿರುವಾಗಲೇ ವಿದ್ಯುತ್ತು ಮರಳಿ ಬಂದಿತು. ಕರೆಂಟು ಬಂದೊಡನೆ ಮೋಟಾರನ್ನು ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರು ತನ್ನ ಕೆಲಸವನ್ನು ಮಾಡಿತು. ಬಲಗೈಯ ಎರಡು ಬೆರಳುಗಳು ಕಪ್ಲಿಂಗಿನಲ್ಲಿ ಹೋದವು. ಆಸ್ಪತ್ರೆಯಲ್ಲಿ ನಮ್ಮನ್ನು ಕಂಡು ಅವನು ಹೇಳಿದ್ದಿಷ್ಟೇ: “ಕರೆಂಟ ಹೋಗಿತ್ರೀ ಸರ್, ನಾ ತಗದಿರಲಿಲ್ರೀ.”

ಈ ಒಂದು ಮಾತಿನಲ್ಲಿ ಸುರಕ್ಷತೆಯ ಶಾಸ್ತ್ರವೆಲ್ಲ ಅಡಗಿದೆಯೆಂದು ನಮಗೆ ಅನ್ನಿಸುತ್ತದೆ. ಹೋದ ಕರೆಂಟು ಯಾವ ಗಳಿಗೆಯಲ್ಲಾದರೂ ಬರಬಹುದು. ನಾವೇ ತೆಗೆದ ಕರೆಂಟು ನಾವು ಕೊಡುವವರೆಗೆ ಬರಬಾರದು. ಆದ್ದರಿಂದ ಮೇನ್ ಸ್ವಿಚ್ಚನ್ನು ತೆಗೆದು ಅದಕ್ಕೆ ಬೀಗವನ್ನು ಹಾಕಬೇಕು. ಬೀಗದ ಕೈ, ಕೆಲಸ ಮಾಡುವವನ ಸ್ವಂತ ಕಿಸೆಯಲ್ಲಿರಬೇಕು. ಮುಕಾದಮನ ಬಳಿಯಲ್ಲಿ ಅಲ್ಲ, ಗೋಡೆಯ ಮೊಳೆಗೂ ಅಲ್ಲ. ‘ಕೆಲಸ ನಡೆದಿದೆ’ ಎಂಬ ಪಟ್ಟಿಯನ್ನು ತೂಗುಹಾಕಬೇಕು. ಬಳಿಕ ಸ್ಟಾರ್ಟರಿನ ಗುಂಡಿಯನ್ನೊಮ್ಮೆ ಒತ್ತಿ, ಮೋಟಾರು ತಿರುಗುವುದಿಲ್ಲವೆಂದು ಖಚಿತಪಡಿಸಿಕೊಂಡೇ ಕೈಯಿಕ್ಕಬೇಕು.

ವಿದ್ಯುತ್ತನ್ನು ತೆಗೆದರೂ ಇನ್ನೊಂದು ಶಕ್ತಿ ಉಳಿದಿರುತ್ತದೆ. ಎತ್ತರದವರೆಗೆ ಏರಿದ ಪೈಪಿನ ತುಂಬ ನೀರು ನಿಂತಿರುತ್ತದೆ. ನೀರನ್ನು ಹಿಂದಕ್ಕೆ ಬಿಡದ ನಾನ್ ರಿಟರ್ನ್ ವಾಲ್ವು ಸರಿಯಾಗಿ ಮುಚ್ಚದಿದ್ದರೆ, ಆ ನೀರು ಕೆಳಗಿಳಿದು ಪಂಪನ್ನು ಹಿಂದುಮುಂದಾಗಿ ತಿರುಗಿಸುತ್ತದೆ. ಎರಡೂ ಬದಿಯ ವಾಲ್ವುಗಳನ್ನು ಮುಚ್ಚಿ, ಪಂಪಿನೊಳಗಿನ ಒತ್ತಡವನ್ನು ಬಿಟ್ಟು, ನೀರನ್ನು ಬಸಿದ ಮೇಲೆಯೇ ಬೋಲ್ಟುಗಳನ್ನು ಸಡಿಲಿಸಬೇಕು. ಬಿಸಿರಸದ ಪಂಪಾದರೆ ಆರುವವರೆಗೆ ಕಾಯಬೇಕು. ಕೆಲಸ ಮುಗಿದ ಮೇಲೆ ಕಪ್ಲಿಂಗಿನ ಗಾರ್ಡನ್ನು ಮರಳಿ ಕೂರಿಸದೆ ಪಂಪನ್ನು ಚಾಲೂ ಮಾಡಬಾರದು. ತಿರುಗುವ ಭಾಗಗಳಿಗೆ ಮರೆಯಿರಬೇಕು, ಅವುಗಳ ಬಳಿ ಕೆಲಸ ಮಾಡುವವನ ಉಡುಪು ಮೈಗೆ ಬಿಗಿಯಾಗಿರಬೇಕು ಎಂಬುದು 1948ರ ಕಾರ್ಖಾನೆ ಕಾಯ್ದೆಯಲ್ಲಿಯೇ ಬಂದ ಮಾತು. ಹೆಗಲ ಮೇಲಿನ ಟವೆಲ್ಲು ನಮ್ಮ ಕಡೆಯ ಮರ್ಯಾದೆಯ ಗುರುತು ನಿಜ. ತಿರುಗುವ ಶಾಫ್ಟಿಗೆ ಆ ಮರ್ಯಾದೆ ತಿಳಿಯದು. ಜಾಕ್‌ವೆಲ್ಲಿನ ಆಳದಲ್ಲಿ ಕೆಟ್ಟ ಗಾಳಿ ಇರಬಹುದಾದ್ದರಿಂದ ಒಬ್ಬನೇ ಎಂದೂ ಇಳಿಯಬಾರದು. ಮೇಲೆ ಹಗ್ಗ ಹಿಡಿದವನೊಬ್ಬ ಇರಲೇಬೇಕು.

ಅವಸರದಲ್ಲಿ ಈ ನಿಯಮಗಳೆಲ್ಲ ಮೊದಲು ಮರೆಯುತ್ತವೆ. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ಮಹಾಪೂರ ಬಂದಾಗ ಬಾಲಿಂಗಾ, ಶಿಂಗಣಾಪುರಗಳ ಪಂಪ್‌ಹೌಸುಗಳಿಗೆ ನೀರು ನುಗ್ಗಿ, ಕೊಲ್ಲಾಪುರ ನಗರವು ಸುತ್ತಲೂ ನೀರಿದ್ದು ಕುಡಿಯುವ ನೀರಿಗಾಗಿ ಟ್ಯಾಂಕರುಗಳ ದಾರಿಯನ್ನು ಕಾಯಬೇಕಾಯಿತು. ಅಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲಿಯೂ ‘ಎಂದು ಚಾಲೂ ಆದೀತು’ ಎಂಬ ಒಂದೇ ಪ್ರಶ್ನೆ. ಆದರೆ ಮುಳುಗಿದ ಮೋಟಾರನ್ನು ಬಿಚ್ಚಿ, ಒಣಗಿಸಿ, ಮೆಗರಿನಿಂದ ಪರೀಕ್ಷಿಸದೆ ವಿದ್ಯುತ್ತನ್ನು ಕೊಡಲಾಗದು. ನೀರಿಗಾಗಿ ಕಾದಿರುವ ನಾವು ತೋರುವ ತಾಳ್ಮೆಯೂ ಆಪರೇಟರನ ಸುರಕ್ಷತೆಯ ಒಂದು ಭಾಗವೇ.

ಕೊನೆಯದಾಗಿ ನುಡಿಯ ಮಾತು. ಅನೇಕ ಪಂಪ್‌ಮನೆಗಳಲ್ಲಿ ಸೂಚನಾಫಲಕವೇ ಇರುವುದಿಲ್ಲ, ಇದ್ದರೆ ಇಂಗ್ಲಿಷಿನಲ್ಲಿರುತ್ತದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮ್ಮ ಹುಡುಗನಿಗೆ ಆ ಫಲಕ ಗೋಡೆಯ ಅಲಂಕಾರ ಮಾತ್ರ. ಕನ್ನಡ ಉಳಿಯಬೇಕೆಂದು ನಾವು ಪ್ರತಿ ಸಮ್ಮೇಳನದಲ್ಲಿಯೂ ಗೊತ್ತುವಳಿಯನ್ನು ಸ್ವೀಕರಿಸುತ್ತೇವೆ. ಕನ್ನಡವು ಒಬ್ಬನ ಕೈಯನ್ನು ಉಳಿಸಿದರೆ ಆ ಗೊತ್ತುವಳಿಗೆ ತೂಕ ಬಂದೀತು. ಸಂಘವು ಈ ಐದು ಸಾಲುಗಳನ್ನು ಕನ್ನಡ, ಮರಾಠಿಗಳಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಿಸಿ, ಸದಸ್ಯರ ಪರಿಚಯದ ಪಂಪ್‌ಮನೆಗಳಿಗೆ ಹಂಚಬೇಕೆಂದು ನಮ್ಮ ವಿನಂತಿ:

ಮೇನ್ ಸ್ವಿಚ್ ತೆಗೆ, ಬೀಗ ಹಾಕು.
ಬೀಗದ ಕೈ ನಿನ್ನ ಕಿಸೆಯಲ್ಲಿರಲಿ.
ಗುಂಡಿ ಒತ್ತಿ ನೋಡು, ತಿರುಗಬಾರದು.
ವಾಲ್ವ್ ಮುಚ್ಚು, ಒತ್ತಡ ಬಿಡು, ನೀರು ಬಸಿ.
ಗಾರ್ಡ್ ಕೂರಿಸಿ, ಎಲ್ಲರೂ ದೂರ ಸರಿದ ಮೇಲೆ ಚಾಲೂ ಮಾಡು.