ದೊಡ್ಡವ್ವನ ಮಂಡಿ, ಕಂಪ್ಯೂಟರಿನ ಲೆಕ್ಕ

ಮನೆಯಲ್ಲಿ ಒಬ್ಬ ಇಂಜಿನಿಯರ್ ಇದ್ದರೆ ಮಿಕ್ಸಿಯಿಂದ ಮಂಡಿವರೆಗೆ ಎಲ್ಲಕ್ಕೂ ಅವನೇ ಉತ್ತರ ಹೇಳಬೇಕು :) ನೀಲಗುಂದದ ನಮ್ಮ ದೊಡ್ಡವ್ವನ ಎರಡೂ ಮಂಡಿ ಸವೆದಿವೆ. ಬದಲಿಸಬೇಕು ಅಂದಿದ್ದಾರೆ ದಾವಣಗೆರೆಯ ಡಾಕ್ಟರು. ಮಾಮೂಲಿ ಆಪರೇಶನ್ನೋ, ಇನ್ನಷ್ಟು ದುಡ್ಡು ಕೊಟ್ಟು ಕಂಪ್ಯೂಟರ್ ನೆರವಿನದೋ? ಪ್ರಶ್ನೆ ನೇರ ನನ್ನ ತಲೆಗೆ ಬಂತು.

"ಕೊಯ್ಯೋದು ಕಂಪ್ಯೂಟ್ರೇನಪಾ?" ಅಂತ ದೊಡ್ಡವ್ವ ಕೇಳಿದಳು. ಅಲ್ಲ. ಕೊಯ್ಯೋದು ಡಾಕ್ಟರೇ, ಕಂಪ್ಯೂಟರ್ ಅಳೆಯುತ್ತೆ ಅಷ್ಟೆ. ಸೊಂಟದ ಕೀಲಿನ ಕೇಂದ್ರದಿಂದ ಪಾದದ ಕೀಲಿನ ನಡುವಿಗೆ ಗೆರೆ ಎಳೆದರೆ ಅದು ಮಂಡಿಯ ಮಧ್ಯೆ ಹಾಯಬೇಕು; 3 ಡಿಗ್ರಿಗಿಂತ ಹೆಚ್ಚು ಓರೆಯಾಗಬಾರದು ಅನ್ನೋದು ಹಳೇ ನಿಯಮ. ತೊಡೆಮೂಳೆಗೂ ಕಣಕಾಲಿನ ಮೂಳೆಗೂ ಗುರುತುಗಳನ್ನು ಸಿಕ್ಕಿಸಿ, ಇನ್‌ಫ್ರಾರೆಡ್ ಕ್ಯಾಮೆರಾದಿಂದ ನೋಡುತ್ತಾರೆ. ಡಾಕ್ಟರು ತೊಡೆಯನ್ನು ಸುತ್ತ ತಿರುಗಿಸಿದಾಗ ಆ ಗುರುತು ಒಂದು ಗೋಳದ ಮೇಲೆ ಚಲಿಸುತ್ತೆ. ಆ ಗೋಳದ ಕೇಂದ್ರವೇ ಸೊಂಟದ ಕೀಲು! ಕಣ್ಣಿಗೆ ಕಾಣದ ಬಿಂದುವನ್ನು ಬರೀ ಗಣಿತದಿಂದ ಹಿಡಿಯೋದು ನನಗಂತೂ ರೋಮಾಂಚನ. ಹೀಗೆ ಕಂಪ್ಯೂಟರ್ ದಾರಿ ತೋರಿಸಿದ ಮೊದಲ ಮಂಡಿ ಬದಲಾವಣೆ 1997ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ನಡೆಯಿತು.

ಆದರೆ ಉಳಿದ ಬಿಂದುಗಳನ್ನು ಡಾಕ್ಟರು ಕಡ್ಡಿಯಂಥ ಸಾಧನದಿಂದ ಮೂಳೆ ಮುಟ್ಟಿ ತೋರಿಸಬೇಕು. ಅಲ್ಲಿ ಕೈ ತಪ್ಪಿದರೆ ಯಂತ್ರ ಆ ತಪ್ಪನ್ನೇ ನಂಬಿ, ಪಾಯಿಂಟ್ ಲೆಕ್ಕದಲ್ಲಿ ನಿಖರವಾಗಿ ತಪ್ಪು ಕೋನ ತೋರಿಸುತ್ತೆ. ಕೋಡ್ ಬರೆಯೋ ಗೆಳೆಯರಿಗೆ ಇದು ಹೊಸದಲ್ಲ: ಹಾಕಿದ್ದೇ ಬರೋದು.

ಓದಿದ ಮೇಲೆ ತಿಳಿದದ್ದು ಇಷ್ಟು. ಕಂಪ್ಯೂಟರ್ ಇದ್ದರೆ 3 ಡಿಗ್ರಿ ದಾಟುವ ಕಾಲುಗಳು ಕಡಿಮೆ, ನಿಜ. ಆದರೆ ನೋವು, ನಡಿಗೆಯ ವಿಷಯದಲ್ಲಿ ರೋಗಿಗಳು ಹೇಳುವ ವ್ಯತ್ಯಾಸ ಅಲ್ಪ. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟಿನಲ್ಲಿ ಮಿತಿ ಹಾಕಿತು (ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ಆಗ 54,720 ರೂಪಾಯಿ). ಆ ಮಿತಿ ಮಂಡಿಗೆ ಮಾತ್ರ, ಆಪರೇಶನ್ನಿನ ಒಟ್ಟು ಬಿಲ್ಲಿಗಲ್ಲ.

ದೊಡ್ಡವ್ವನ ನಿಜವಾದ ಪ್ರಶ್ನೆ ಬೇರೆಯೇ ಇತ್ತು: "ಮೆಕ್ಕೆಜೋಳದಾಗ ಕುಕ್ಕರುಗಾಲಲ್ಲಿ ಕುಂತು ಕಳೆ ತಗೀಬೋದಾ?" ಕುಕ್ಕರುಗಾಲು ಬೇಡ ಅಂತಲೇ ಸಾಮಾನ್ಯವಾಗಿ ಡಾಕ್ಟರುಗಳು ಹೇಳೋದು. ಆ ಕೆಲಸ ಬಿಡಬೇಕಾಗುತ್ತೆ ಅಂದೆ. ತುಂಬಾ ಹೊತ್ತು ಸುಮ್ಮನಿದ್ದಳು.

ಕೊನೆಗೆ ನಾನು ಹೇಳಿದ್ದು: ಮೊದಲು ಕೈ ಪಳಗಿದ ಡಾಕ್ಟರನ್ನು ಆರಿಸೋಣ. ಅವರು ದಿನವೂ ಕಂಪ್ಯೂಟರ್ ಬಳಸೋರಾದರೆ ಸರಿ, ಇಲ್ಲದಿದ್ದರೂ ಸರಿ. ಉಳಿದ ದುಡ್ಡಿನಲ್ಲಿ ಫಿಸಿಯೋಥೆರಪಿ, ಒಂದು ಮಂಚ, ಮನೆಗೊಂದು ಕಮೋಡ್. ನಿಮ್ಮ ಮನೆಯಲ್ಲಿ ಯಾರಿಗಾದರೂ ಆಗಿದ್ದರೆ ಅನುಭವ ಬರೆಯಿರಿ, ದೊಡ್ಡವ್ವನಿಗೆ ಓದಿ ಹೇಳ್ತೀನಿ.